ಕರಡಿಗೆ ಕರಾರಿಲ್ಲ

ದೇಶ ಸುತ್ತಬೇಕು, ಕೋಶ ಓದಬೇಕು ಅನ್ನುವ ಗಾದೆಯನ್ನು ಬ್ರಸೆಲ್ಸ್‌ನಲ್ಲಿ ಕೂತ ಯುರೋಪಿಯನ್ ಒಕ್ಕೂಟದ ಅಧಿಕಾರಿಗಳು ಕೇಳಿರಲಾರರು. ಕೇಳದೆಯೇ ಅದನ್ನು ಕಾನೂನು ಮಾಡಿಕೊಂಡಿದ್ದಾರೆ. ಪಿಎಚ್‌.ಡಿ. ಮಾಡುವವರು ಓದಿದ ಊರಲ್ಲೇ ಕೂರಬಾರದು, ಬೇರೆ ದೇಶಕ್ಕೆ ಹೋಗಬೇಕು. ಅಲ್ಲಿಂದ ಮೂರನೆಯ ದೇಶಕ್ಕೆ ಕೆಲವು ತಿಂಗಳು ಹಾರಬೇಕು. ಹತ್ತಾರು ಸಂಸ್ಥೆಗಳು ಸೇರಿ ಒಂದು ಜಾಲ ಕಟ್ಟಬೇಕು, ಮೂರು ವರ್ಷಕ್ಕೆ ಎಲ್ಲವೂ ಮುಗಿಯಬೇಕು. ಈ ಸೂತ್ರಕ್ಕೆ ಎದುರಾಡುವವರು ಈಗ ವಿರಳ. ವಿಶ್ವವಿದ್ಯಾಲಯಕ್ಕೆ ಅದು ಪ್ರತಿಷ್ಠೆ, ಪ್ರೊಫೆಸರಿಗೆ ಅನುದಾನ, ವಿದ್ಯಾರ್ಥಿಗೆ ಯುರೋ ಸಂಬಳ. ಔಷಧ ಶೋಧನೆಗೂ ಅದೇ ಅಚ್ಚು, ಬ್ಯಾಟರಿ ತಂತ್ರಜ್ಞಾನಕ್ಕೂ ಅದೇ ಅಚ್ಚು, ತೋಳ ಕರಡಿ ಜಿಂಕೆಗಳ ಅಧ್ಯಯನಕ್ಕೂ ಅದೇ. ಮೊದಲ ಎರಡರ ಬಗ್ಗೆ ನನಗೆ ತಕರಾರಿಲ್ಲ. ಮೂರನೆಯದರ ಬಗ್ಗೆ ಇದೆ. ವನ್ಯಜೀವಿ ವಿಜ್ಞಾನದಲ್ಲಿ ಈ ಸೂತ್ರ ತಲೆಕೆಳಗಾಗಿ ನಿಂತಿದೆ. ಅಲ್ಲಿ ತಿರುಗಾಡಬೇಕಾದ್ದು ದತ್ತಾಂಶ, ಊರಿ ನಿಲ್ಲಬೇಕಾದವರು ಮನುಷ್ಯರು. ಈ ಜಾಲಗಳು ಮನುಷ್ಯರನ್ನು ತಿರುಗಿಸಿ ದತ್ತಾಂಶವನ್ನು ಅನಾಥ ಮಾಡುತ್ತಿವೆ.

ಮೊದಲು ನಿಯಮ ಏನೆಂದು ನೋಡೋಣ. ಮರೀ ಸ್ಕ್ಲೊಡೊವ್‌ಸ್ಕಾ-ಕ್ಯೂರಿಯ ಹೆಸರಿನಲ್ಲಿ ಯುರೋಪಿಯನ್ ಒಕ್ಕೂಟ ನಡೆಸುವ ಯೋಜನೆ ಇದು. 2014ರಿಂದ 2020ರವರೆಗಿನ ಹೊರೈಜನ್ 2020 ಎಂಬ ಅನುದಾನ ಕಾರ್ಯಕ್ರಮದ ಕಾಲದಲ್ಲಿ ಇದಕ್ಕೆ ಇನ್ನೊವೇಟಿವ್ ಟ್ರೈನಿಂಗ್ ನೆಟ್‌ವರ್ಕ್ ಎಂಬ ಹೆಸರಿತ್ತು, ಈಗ ಡಾಕ್ಟರಲ್ ನೆಟ್‌ವರ್ಕ್ ಎನ್ನುತ್ತಾರೆ. ಆಗಿನ ಲೆಕ್ಕದಲ್ಲಿ ಒಂದು ಜಾಲಕ್ಕೆ ಹೆಚ್ಚೆಂದರೆ 540 ಮಾನವ-ತಿಂಗಳು. ಒಬ್ಬ ವಿದ್ಯಾರ್ಥಿಗೆ 36 ತಿಂಗಳು ಸಂಬಳ ಅಂದರೆ 15 ಮಂದಿ. ಇಡೀ ಯೋಜನೆಯ ಆಯುಸ್ಸು 48 ತಿಂಗಳು. ಇದರ ಜೊತೆಗೆ ಸಂಚಾರದ ನಿಯಮವೊಂದಿದೆ: ನೇಮಕವಾಗುವ ಮುಂಚಿನ 36 ತಿಂಗಳಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ನೀವು ಯಾವ ದೇಶದಲ್ಲಿ ಇದ್ದಿರೋ ಆ ದೇಶದಲ್ಲಿ ನಿಮಗೆ ನೇಮಕವಿಲ್ಲ.

ಬೆಂಗಳೂರಿನ ಹುಡುಗಿಯೊಬ್ಬಳು ನೆದರ್ಲೆಂಡ್ಸ್‌ನ ವಾಗೆನಿಂಗನ್‌ನಲ್ಲಿ ಎರಡು ವರ್ಷದ ಎಂ.ಎಸ್ಸಿ. ಮುಗಿಸಿದಳು ಎಂದಿಟ್ಟುಕೊಳ್ಳಿ. ಪಕ್ಕದ ವೆಲುವೆ ಕಾಡಿನ ಕೆಂಪು ಜಿಂಕೆಗಳ ಹಿಂದೆ ಅಲೆದು, ಅಲ್ಲಿನ ಗಾರ್ಡುಗಳ ಜೊತೆ ಮುರುಕು ಡಚ್‌ನಲ್ಲಿ ಹರಟೆ ಹೊಡೆಯುವಷ್ಟು ಪಳಗಿದ್ದಾಳೆ. ಅದೇ ಜಿಂಕೆಗಳ ಮೇಲೆ ಪಿಎಚ್‌.ಡಿ. ಹುದ್ದೆಯೊಂದು ಬಂದರೆ ಅವಳು ಅರ್ಜಿ ಹಾಕುವಂತಿಲ್ಲ. ನಿಯಮ ಹೇಳುವುದಿಷ್ಟೆ: ನಿನಗೆ ಈ ಜಾಗ ಗೊತ್ತು, ಆದ್ದರಿಂದ ಈ ಜಾಗದಲ್ಲಿ ನಿನಗೆ ಕೆಲಸವಿಲ್ಲ. ಅವಳನ್ನು ಫಿನ್ಲೆಂಡಿಗೆ ಕಳಿಸಿ, ಫಿನ್ಲೆಂಡಿನವನನ್ನು ವೆಲುವೆಗೆ ಕರೆತಂದು, ಇಬ್ಬರೂ ಮೊದಲ ವರ್ಷವನ್ನು ದಾರಿ ಹುಡುಕುವುದರಲ್ಲಿ ಕಳೆಯುವಂತೆ ಮಾಡುವುದಕ್ಕೆ ತರಬೇತಿ ಎಂದು ಹೆಸರು.

ಈಗ ಪ್ರಾಣಿಯ ಕಡೆಯಿಂದ ಲೆಕ್ಕ ಹಾಕೋಣ. ಸ್ವೀಡನ್ನಿನ ಕಂದು ಕರಡಿಯನ್ನು ತೆಗೆದುಕೊಳ್ಳುತ್ತೇನೆ, ಏಕೆಂದರೆ ಕಾಡುಪ್ರಾಣಿಯೊಂದರ ದೀರ್ಘ ಅಧ್ಯಯನ ಹೇಗಿರಬೇಕು ಎಂಬುದಕ್ಕೆ ಸ್ಕ್ಯಾಂಡಿನೇವಿಯದ ಕರಡಿ ಸಂಶೋಧನಾ ಯೋಜನೆಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಅದು ಶುರುವಾದದ್ದು 1984ರಲ್ಲಿ. ಅಲ್ಲಿನ ಕರಡಿ ಅಕ್ಟೋಬರ್ ಹೊತ್ತಿಗೆ ಗುಹೆ ಸೇರಿದರೆ ಏಪ್ರಿಲ್‌ವರೆಗೆ ಹೊರಬರುವುದಿಲ್ಲ. ಹಿಡಿಯಲು ಇರುವ ಸಮಯ ಅದು ಹೊರಬಿದ್ದ ಮೇಲಿನ ಕೆಲವು ವಾರ ಮಾತ್ರ, ನೆಲದ ಮೇಲೆ ಹಿಮ ಇನ್ನೂ ಇರುವಾಗ. ಹೆಲಿಕಾಪ್ಟರಿನಿಂದ ಅರಿವಳಿಕೆಯ ಸೂಜಿ ಹಾರಿಸುತ್ತಾರೆ. ಕರಡಿ ಮಲಗಿದ ಮೇಲೆ ತೂಕ, ರಕ್ತ, ಕೂದಲು. ತುಟಿಯ ಒಳಭಾಗಕ್ಕೆ ಹಚ್ಚೆಯ ಗುರುತು, ಕತ್ತಿಗೆ ಕಾಲರ್. ವಯಸ್ಸು ಗೊತ್ತಿಲ್ಲದ ಪ್ರಾಣಿಯಾದರೆ ಕಡ್ಡಿಯಷ್ಟು ಸಣ್ಣ ಹಲ್ಲೊಂದನ್ನು ಕಿತ್ತು ಅದರ ಪದರಗಳನ್ನು ಎಣಿಸುತ್ತಾರೆ. ತಾಯಿಯ ಜೊತೆ ವರ್ಷದ ಮರಿ ಇರುವಾಗಲೇ ಹಿಡಿದರೆ ಹಲ್ಲು ಬೇಡ, ಆ ಮರಿಯ ವಯಸ್ಸು, ತಾಯಿ, ಅಜ್ಜಿ ಎಲ್ಲ ಗೊತ್ತಾದ ಹಾಗೆಯೇ. ಹೀಗೆ ಕಟ್ಟಿಕೊಂಡು ಬಂದ ವಂಶವೃಕ್ಷವೇ ಆ ಯೋಜನೆಯ ಆಸ್ತಿ.

ಇಲ್ಲಿಗೆ ನಮ್ಮ 36 ತಿಂಗಳ ವಿದ್ಯಾರ್ಥಿಯನ್ನು ಕಳಿಸೋಣ. ಯೋಜನೆ ಒಂದು ಸೆಪ್ಟೆಂಬರಿನಲ್ಲಿ ಶುರುವಾಯಿತು. ಜಾಹೀರಾತು, ಸಂದರ್ಶನ, ವೀಸಾ ಮುಗಿದು ಆತ ಬಂದು ಸೇರುವಾಗ ಮುಂದಿನ ಸೆಪ್ಟೆಂಬರ್. ಅದಕ್ಕಿಂತ ತಡವಾದರೆ ಕೊನೆಯ ತಿಂಗಳುಗಳ ಸಂಬಳ ಖೋತಾ, ಏಕೆಂದರೆ 48ನೇ ತಿಂಗಳಿಗೆ ಅಂಗಡಿ ಬಾಗಿಲು ಹಾಕುತ್ತದೆ. ಭಾರತದಿಂದಲೋ ಕೆನ್ಯಾದಿಂದಲೋ ಬರುವವರಿಗೆ ವೀಸಾ ಕಚೇರಿಯ ವಿಳಂಬದ ದಂಡ ಹೀಗೆ ಬೀಳುತ್ತದೆ. ಅವನ ಪಾಲಿಗೆ ಮೂರು ವಸಂತಗಳಿವೆ. ಮೊದಲನೆಯದರಲ್ಲಿ ಪ್ರಾಣಿಗಳನ್ನು ಮುಟ್ಟಲು ಬೇಕಾದ ತರಬೇತಿಯೇ ಪೂರ್ತಿ ಆಗಿರುವುದಿಲ್ಲ. ಯುರೋಪಿನಲ್ಲಿ ಅದಕ್ಕೂ 2010ರ ನಿರ್ದೇಶನವಿದೆ, ಸುಮ್ಮನೆ ಯಾರ ಕೈಗೂ ಸೂಜಿ ಕೊಡುವುದಿಲ್ಲ. ಮೂರನೆಯದರಲ್ಲಿ ಪ್ರಬಂಧ ಬರೆಯುತ್ತಿರುತ್ತಾನೆ. ಉಳಿದದ್ದು ಒಂದು ವಸಂತ. ಅದೂ ಬೇರೆ ದೇಶದ ಸಂಸ್ಥೆಗೆ ಎರವಲು ಹೋಗುವ ಅವಧಿಗೆ ಅಡ್ಡ ಬರದಿದ್ದರೆ. ಆ ಎರವಲಿಗೆ ಹೊರೈಜನ್ 2020ರಲ್ಲಿ ಕರಾರಿನ ಶೇ. 30ರವರೆಗೆ, ಅಂದರೆ ಸುಮಾರು ಹನ್ನೊಂದು ತಿಂಗಳು ಅವಕಾಶವಿತ್ತು.

ಕರಡಿ ಮರಿ ಹಾಕುವುದು ನಡುಚಳಿಗಾಲದಲ್ಲಿ, ಗುಹೆಯೊಳಗೆ. ಮರಿಗಳು ತಾಯಿಯ ಜೊತೆ ಒಂದೂವರೆ ವರ್ಷ ಇರುತ್ತವೆ, ಕೆಲವು ಎರಡೂವರೆ ವರ್ಷ. ನಮ್ಮ ವಿದ್ಯಾರ್ಥಿ ಬಂದ ಮೊದಲ ಚಳಿಗಾಲದಲ್ಲೇ ಹುಟ್ಟಿದ ಮರಿ ಎರಡೂವರೆ ವರ್ಷದ ಪಾಲನೆ ಮುಗಿಸಿ ತಾಯಿಯನ್ನು ಬಿಡುವ ಹೊತ್ತಿಗೆ ಅವನ ಕರಾರಿನಲ್ಲಿ ಎರಡು ಮೂರು ತಿಂಗಳು ಉಳಿದಿರುತ್ತದೆ. ಒಂದು ಹೆಣ್ಣು ಕರಡಿಯ ಒಂದೇ ಒಂದು ಬಾಣಂತನಕ್ಕೆ ಇಡೀ ಪಿಎಚ್‌.ಡಿ. ಸರಿಹೋಯಿತು.

ಆ ಒಂದೂವರೆ, ಎರಡೂವರೆಗಳ ನಡುವೆಯೇ ನಿಜವಾದ ಕತೆ ಇತ್ತು. ಸ್ವೀಡನ್ನಿನಲ್ಲಿ ಕರಡಿ ಬೇಟೆಗೆ ಅನುಮತಿಯಿದೆ, ಆಗಸ್ಟ್ 21ಕ್ಕೆ ಬೇಟೆಯ ಕಾಲ ಶುರು. ಆದರೆ ಮರಿ ಜೊತೆಗಿರುವ ತಾಯಿಯನ್ನು ಹೊಡೆಯುವಂತಿಲ್ಲ. 2018ರಲ್ಲಿ ನೇಚರ್ ಕಮ್ಯುನಿಕೇಷನ್ಸ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದ್ದು ಇದನ್ನು: ಮರಿಗಳನ್ನು ಇನ್ನೊಂದು ವರ್ಷ ಹೆಚ್ಚಿಗೆ ಇಟ್ಟುಕೊಳ್ಳುವ ತಾಯಂದಿರ ಪ್ರಮಾಣ 2005ರಿಂದ 2015ರ ನಡುವೆ ಶೇ. 7ರಿಂದ ಶೇ. 36ಕ್ಕೆ ಏರಿತ್ತು. ಬೇಗ ಮರಿ ಬಿಡುವ ತಾಯಂದಿರು ಕೋವಿಗೆ ಬಲಿಯಾಗುತ್ತಿದ್ದರು, ನಿಧಾನಿಗಳು ಕಾನೂನಿನ ನೆರಳಲ್ಲಿ ಬದುಕುತ್ತಿದ್ದರು. ಮನುಷ್ಯನ ಬೇಟೆಯ ನಿಯಮವೊಂದು ಕಾಡುಪ್ರಾಣಿಯ ತಾಯ್ತನದ ರೀತಿಯನ್ನೇ ಬದಲಿಸುತ್ತಿತ್ತು. ಇಂಥ ಸಂಗತಿಯನ್ನು ಯಾವ ಮೂರು ವರ್ಷದ ಕಣ್ಣೂ ಕಾಣಲಾರದು.

ಆ ಅಧ್ಯಯನ ಬರೆದವರ ಮುಂಚೂಣಿಯಲ್ಲಿದ್ದವರು ಕೆನಡಾದ ಷೆರ್ಬ್ರುಕ್ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡುತ್ತಿದ್ದರು. ಈ ಕೆಲಸವೂ ಅಂತಾರಾಷ್ಟ್ರೀಯವೇ. ಆದರೆ ಅದರ ಬುಡದಲ್ಲಿ ದಶಕಗಳಿಂದ ಅದೇ ಬೆಟ್ಟ ಅದೇ ಕರಡಿಗಳ ಹಿಂದೆ ಇದ್ದವರ ಕೆಲಸವಿತ್ತು. ಅವರಿಲ್ಲದಿದ್ದರೆ ಕೆನಡಾದ ಮೇಜಿನ ಮೇಲೆ ವಿಶ್ಲೇಷಿಸಲು ಏನೂ ಇರುತ್ತಿರಲಿಲ್ಲ.

ನಮ್ಮ ನಾಗರಹೊಳೆಯ ಲೆಕ್ಕವೂ ಇದನ್ನೇ ಹೇಳುತ್ತದೆ. ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತ ಮತ್ತು ಸಂಗಡಿಗರು 1991ರಿಂದ 2000ದವರೆಗೆ ಅಲ್ಲಿ ಕ್ಯಾಮೆರಾ ಟ್ರ್ಯಾಪ್ ಇಟ್ಟು 74 ಹುಲಿಗಳನ್ನು ಪಟ್ಟೆಯ ಗುರುತಿನಿಂದ ಒಂದೊಂದಾಗಿ ಪತ್ತೆ ಹಚ್ಚಿದರು. 2006ರಲ್ಲಿ ಪ್ರಕಟವಾದ ಅವರ ಲೆಕ್ಕದ ಪ್ರಕಾರ ಆ ಅವಧಿಯಲ್ಲಿ ಹುಲಿ ಸಾಂದ್ರತೆ ನೂರು ಚದರ ಕಿಲೊಮೀಟರಿಗೆ ಸುಮಾರು 7ರಿಂದ 22ರವರೆಗೆ ಏರಿಳಿದಿತ್ತು. ವರ್ಷಕ್ಕೆ ಸುಮಾರು ಕಾಲುಭಾಗ ಹುಲಿಗಳು ಸತ್ತೋ ಕಾಡು ಬಿಟ್ಟೋ ಪಟ್ಟಿಯಿಂದ ಮರೆಯಾಗುತ್ತಿದ್ದವು. ಹೊಸವು ಆ ಜಾಗ ತುಂಬುತ್ತಿದ್ದವು. ತಗ್ಗಿನ ವರ್ಷದಲ್ಲಿ ಬಂದ ವಿದ್ಯಾರ್ಥಿ ನಾಗರಹೊಳೆಯ ಹುಲಿಗೆ ಕುತ್ತು ಬಂದಿದೆ ಎಂದು ಪ್ರಬಂಧ ಬರೆಯುತ್ತಿದ್ದ. ಏರಿನ ವರ್ಷದಲ್ಲಿ ಬಂದವನು ಸುಭಿಕ್ಷ ಎಂದು ಬರೆಯುತ್ತಿದ್ದ. ಇಬ್ಬರಿಗೂ ಪದವಿ ಸಿಗುತ್ತಿತ್ತು. ತುಂಬು ಆರೋಗ್ಯದ ಹುಲಿಕಾಡಿನಲ್ಲೂ ಇಷ್ಟು ಸಾವು, ಇಷ್ಟು ಅದಲುಬದಲು ಸಹಜ ಎಂಬುದು ಮಾತ್ರ ಇಬ್ಬರಿಗೂ ದಕ್ಕುತ್ತಿರಲಿಲ್ಲ.

ಹುಲಿಗಳನ್ನು ಎಣಿಸುವ ಈ ವಿಧಾನ ಹುಟ್ಟಿದ್ದು ಹೇಗೆ ಎನ್ನುವುದೂ ನೆನಪಿಡಬೇಕಾದ ಮಾತು. ಕಾರಂತರ ಚಿತ್ರಗಳು ಭಾರತದ ಕಾಡುಗಳವು. ಹಿಡಿದು ಬಿಟ್ಟು ಮತ್ತೆ ಹಿಡಿಯುವ ಸಂಖ್ಯಾಶಾಸ್ತ್ರ ಅಮೆರಿಕದ ಪಟಕ್ಸೆಂಟ್ ಸಂಶೋಧನಾ ಕೇಂದ್ರದ ಜೇಮ್ಸ್ ನಿಕೋಲ್ಸ್ ಅವರದ್ದು. ಇಬ್ಬರೂ ಸೇರಿ 1998ರಲ್ಲಿ ಬರೆದ ಪ್ರಬಂಧದಿಂದ ಹೊರಟ ದಾರಿಯಲ್ಲಿ ಆಮೇಲೆ ಚಿರತೆ, ಜಾಗ್ವಾರ್ ಎಲ್ಲವನ್ನೂ ಎಣಿಸಿದರು. ಒಬ್ಬರು ಕಾಡು ಬಿಡಲಿಲ್ಲ, ಇನ್ನೊಬ್ಬರು ಗಣಿತ ಬಿಡಲಿಲ್ಲ. ಇದು ಜಾಲ ಅಲ್ಲವೆ? ಬ್ರಸೆಲ್ಸ್‌ನ ನಮೂನೆಯಲ್ಲಿ ತುಂಬಿದರೆ ಎರವಲು ತಿಂಗಳುಗಳ ಕಾಲಮ್ಮಿನಲ್ಲಿ ಏನು ಬರೆಯುವುದು ಎಂದು ಯಾರಿಗೂ ತೋಚುತ್ತಿರಲಿಲ್ಲ.

ಮಿಷಿಗನ್ನಿನ ಐಲ್ ರಾಯಲ್ ದ್ವೀಪದ ತೋಳ-ಮೂಸ್ ಅಧ್ಯಯನವನ್ನು ಬಿಡಲಾಗದು. ವಿಜ್ಞಾನಿ ಡರ್ವರ್ಡ್ ಆಲನ್ ಅದನ್ನು 1958ರಲ್ಲಿ ಶುರು ಮಾಡಿದ್ದು. 1980ರಲ್ಲಿ ಅಲ್ಲಿ 50 ತೋಳಗಳಿದ್ದವು, 1982ರಲ್ಲಿ 14. ನಾಯಿಯಿಂದ ಬಂದ ಪಾರ್ವೊ ವೈರಸ್ ಎರಡೇ ವರ್ಷದಲ್ಲಿ ಚಿತ್ರ ತಿರುಗಿಸಿತ್ತು. 1997ರಲ್ಲಿ ಹೆಪ್ಪುಗಟ್ಟಿದ ಸರೋವರ ದಾಟಿ ಬಂದ ಒಂದೇ ಗಂಡು ತೋಳ ಇಡೀ ಹಿಂಡಿನ ರಕ್ತವನ್ನು ಬದಲಿಸಿತು. 2018ರ ಹೊತ್ತಿಗೆ ಎರಡು ತೋಳ ಉಳಿದು, ಹೊರಗಿನಿಂದ ತಂದು ಬಿಡಬೇಕಾಯಿತು. ಈ ಅರವತ್ತು ವರ್ಷವನ್ನು ಮೂರು ಮೂರು ವರ್ಷದ ತುಂಡು ಮಾಡಿ ಬೇರೆ ಬೇರೆ ಕೈಗೆ ಕೊಟ್ಟಿದ್ದರೆ ಒಂದಕ್ಕೊಂದು ತಾಳೆಯಾಗದ ಇಪ್ಪತ್ತು ಪ್ರಬಂಧಗಳು ಸಿಗುತ್ತಿದ್ದವು. ಹಾಗಾಗದಿದ್ದದ್ದು 1970ರಲ್ಲಿ ವಿದ್ಯಾರ್ಥಿಯಾಗಿ ಬಂದ ರೋಲ್ಫ್ ಪೀಟರ್ಸನ್ ಪದವಿ ಪಡೆದ ಮೇಲೂ ಆ ದ್ವೀಪವನ್ನು ಬಿಡದೆ ದಶಕಗಟ್ಟಲೆ ಉಳಿದುದರಿಂದ. ಸಂಚಾರದ ನಿಯಮದ ಕಣ್ಣಿನಲ್ಲಿ ನೋಡಿದರೆ ಪೀಟರ್ಸನ್ನರದು ಅನರ್ಹ ಅರ್ಜಿ.

ಎದುರು ಪಕ್ಷದ ವಾದ ಸುಲಭವಾಗಿ ತಳ್ಳಿಹಾಕುವಂಥದ್ದಲ್ಲ. ಅವರು ಹೇಳುವುದು ಇದು: ಒಬ್ಬನೇ ಗೈಡಿನ ಕೈಯಲ್ಲಿ ಏಳೆಂಟು ವರ್ಷ ಸವೆಯುವ ವಿದ್ಯಾರ್ಥಿಗಳನ್ನು ಈ ಜಾಲಗಳು ಬಿಡಿಸಿದವು. ವಿದ್ಯಾರ್ಥಿವೇತನದ ಭಿಕ್ಷೆಯ ಬದಲು ಸಾಮಾಜಿಕ ಭದ್ರತೆಯಿರುವ ಕೆಲಸದ ಕರಾರು ಕೊಟ್ಟವು. ಯಾವ ದೇಶದವರೂ ಅರ್ಜಿ ಹಾಕಬಹುದು ಎಂದವು. ಎಲ್ಲವೂ ನಿಜ. ಗೈಡುಗಳ ದರ್ಬಾರು ಕಂಡ ನಮ್ಮ ವಿಶ್ವವಿದ್ಯಾಲಯಗಳವರು ಇದನ್ನು ಒಪ್ಪದಿದ್ದರೆ ಆತ್ಮವಂಚನೆಯಾದೀತು. ಬೆಂಗಳೂರಿನ ಎನ್‌ಸಿಬಿಎಸ್ ಸಂಶೋಧನಾ ಕೇಂದ್ರದಲ್ಲಿ 2004ರಿಂದ ನಡೆಯುತ್ತಿರುವ ವನ್ಯಜೀವಿ ಎಂ.ಎಸ್ಸಿ.ಯಲ್ಲಿ ಓದಿದವರಿಗೆ ಇಂಥ ಹುದ್ದೆಗಳು ತೆರೆದಿರುವುದು ಒಳ್ಳೆಯದೇ. ಅಪಾಯದಲ್ಲಿರುವ ಜೀವಿಗಳ ಐಯುಸಿಎನ್ ಕೆಂಪು ಪಟ್ಟಿ, ಸಂರಕ್ಷಿತ ಪ್ರದೇಶಗಳ ಸೂಚ್ಯಂಕಗಳ ಮೇಲೆ ಕೆಲಸ ಮಾಡಿದ ಇನ್‌ಸ್ಪೈರ್‌ಫೋರ್‌ನೇಚರ್‌ನಂಥ ಜಾಲಕ್ಕೆ ಈ ಅಚ್ಚು ಒಪ್ಪುತ್ತದೆ ಎಂದೂ ನಾನು ಹೇಳುತ್ತೇನೆ. ಅಲ್ಲಿನ 15 ಮಂದಿ ಕಾಯಬೇಕಾದ ವಸಂತ ಯಾವುದೂ ಇರಲಿಲ್ಲ, ದತ್ತಾಂಶ ಆಗಲೇ ಜಗತ್ತಿನ ಕಡತಗಳಲ್ಲಿತ್ತು.

ಆದರೆ ವಿದ್ಯಾರ್ಥಿಯ ಕಾಲಕ್ಕೆ ಮಿತಿ ಇರಬೇಕು ಎನ್ನುವುದು ಅಧ್ಯಯನದ ಕಾಲಕ್ಕೂ ಅದೇ ಮಿತಿ ಎಂದು ಅರ್ಥವಲ್ಲ. ಜಾಲಗಳ ನಿರ್ವಹಣೆ ಈ ಎರಡು ಗಡಿಯಾರಗಳನ್ನು ಒಂದೇ ಸರಪಳಿಗೆ ಕಟ್ಟಿದೆ. ಅದು ಬೇಕೆಂದೇ ಮಾಡಿದ್ದೂ ಅಲ್ಲ, ಲೆಕ್ಕಪತ್ರದ ಅನುಕೂಲಕ್ಕೆ ಮಾಡಿದ್ದು. ಹೊರೈಜನ್ 2020ರಲ್ಲಿ ಸಂಶೋಧನೆ ಮತ್ತು ತರಬೇತಿಯ ಖರ್ಚಿಗೆ ಒಬ್ಬ ವಿದ್ಯಾರ್ಥಿಗೆ ತಿಂಗಳಿಗೆ 1,800 ಯುರೋ, ನಿರ್ವಹಣೆ ಮತ್ತು ಮೇಲುವೆಚ್ಚಕ್ಕೆ 1,200 ಯುರೋ. ಎರಡನ್ನೂ ಅಳೆಯುವುದು ವಿದ್ಯಾರ್ಥಿ-ತಿಂಗಳಿನಿಂದಲೇ. ವಿದ್ಯಾರ್ಥಿ ಇದ್ದಾನೆ, ಹಣ ಇದೆ. ವಿದ್ಯಾರ್ಥಿ ಬೇರೆ ಕೆಲಸ ಸಿಕ್ಕಿ ನಡುವೆ ಬಿಟ್ಟುಹೋದ, ಆ ತಿಂಗಳಿಂದ ಕಾಲರ್‌ಗಳ ಉಪಗ್ರಹ ಶುಲ್ಕಕ್ಕೂ ಹಣ ಇಲ್ಲ, ಡೇಟಾಬೇಸ್ ನೋಡುವವರಿಗೂ ಇಲ್ಲ. ಕತ್ತಿಗೆ ಕಾಲರ್ ಹಾಕಿಕೊಂಡ ತೋಳಕ್ಕೆ ಈ ಸುದ್ದಿ ತಿಳಿಯುವುದಿಲ್ಲ, ಅದು ತನ್ನ ಪಾಡಿಗೆ ಅಲೆಯುತ್ತಿರುತ್ತದೆ.

ಇದರ ಬೆನ್ನಿಗೇ ಬರುವ ಇನ್ನೊಂದು ನಂಬಿಕೆ ನನಗೆ ಇನ್ನೂ ಅಸಹ್ಯ: ಜಾಲ ನಡೆಸುವುದು ಗುಮಾಸ್ತಿಕೆ, ವಿಜ್ಞಾನ ಬೇರೆ. ಸಂಯೋಜಕರಿಂದ ಕೇಳುವುದೆಲ್ಲ ಡೆಲಿವರೆಬಲ್‌ಗಳ ಪಟ್ಟಿ, ವೃತ್ತಿ ಯೋಜನೆಯ ಹಾಳೆಗೆ ಸಹಿ, ನಡುಅವಧಿಯ ಸಭೆಗೆ ಕೋಣೆ, ಕೊನೆಯ ವರದಿ. ಅವರ ಕೆಲಸವೂ ತಾತ್ಕಾಲಿಕ, ಯೋಜನೆ ಮುಗಿದ ದಿನ ಅವರೂ ಮನೆಗೆ. ನಿಜದಲ್ಲಿ ಅವರು ಮಾಡುವುದೇನು? ರಕ್ತದ ಒಂದು ಸಣ್ಣ ಶೀಶೆ ಒಕ್ಕೂಟದ ಗಡಿ ದಾಟಬೇಕಾದರೆ, ಪ್ರಾಣಿಯು ವನ್ಯಜೀವಿ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿದ್ದರೆ ಅದರ ಪರವಾನಗಿ ಬೇಕು. 2010ರಲ್ಲಿ ಒಪ್ಪಿಗೆಯಾಗಿ 2014ರಿಂದ ಜಾರಿಯಲ್ಲಿರುವ, ಜೈವಿಕ ಸಂಪನ್ಮೂಲಗಳ ಬಳಕೆಯ ನಗೋಯಾ ಒಪ್ಪಂದ ಇನ್ನೊಂದು ಕಡೆ. ಭಾರತದ ಮಾದರಿಯಾದರೆ 2002ರ ಜೈವಿಕ ವೈವಿಧ್ಯ ಕಾಯ್ದೆ, ಜೊತೆಗೆ ಅರಣ್ಯ ಇಲಾಖೆಯ ಅನುಮತಿ. ಹುಲಿಯ ಹಿಕ್ಕೆಯನ್ನು ಚೀಲಕ್ಕೆ ಹಾಕಿಕೊಂಡು ಬರ್ಲಿನ್ನಿಗೆ ವಿಮಾನ ಹತ್ತುವ ಕಾಲ ಹೋಯಿತು, ಹೋಗಿದ್ದೂ ಒಳ್ಳೆಯದಾಯಿತು. ಯಾವ ಮಾದರಿಯನ್ನು ಎಲ್ಲಿ ವಿಶ್ಲೇಷಿಸಬೇಕು, ಯಾವ ಪ್ರಶ್ನೆ ಕೇಳಲು ಸಾಧ್ಯ, ಯಾವುದನ್ನು ಕೇಳುವುದೇ ಬೇಡ ಎಂಬುದು ಈ ಕಾಗದಗಳ ಮೇಲೆ ನಿಂತಿದೆ. ಅಂದಮೇಲೆ ಇದನ್ನು ಬಲ್ಲವರು ಸಂಶೋಧನೆಯ ಒಳಗೇ ಇದ್ದಾರೆ. ಮೂರು ದೇಶಗಳ ಜಿಪಿಎಸ್ ಕಾಲರ್‌ಗಳು ಮೂರು ಸಮಯವಲಯದಲ್ಲಿ ಬರೆದ ದಿನಾಂಕಗಳನ್ನು ಒಂದು ಪಟ್ಟಿಗೆ ತರುವ ಮನುಷ್ಯ ಎಡವಿದರೆ ಜಿಂಕೆ ರಾತ್ರಿ ಮೇಯುತ್ತದೋ ಹಗಲು ಮೇಯುತ್ತದೋ ಎಂಬ ಉತ್ತರವೇ ತಪ್ಪುತ್ತದೆ.

ಇಟಲಿಯ ಟ್ರೆಂಟಿನೊದಲ್ಲಿ ಎಡ್ಮಂಡ್ ಮಾಖ್ ಪ್ರತಿಷ್ಠಾನದ ಆಸರೆಯಲ್ಲಿ ಬೆಳೆದ ಯೂರೊಡಿಯರ್ ಎಂಬ ದತ್ತಾಂಶ ಜಾಲ ಇದನ್ನು ಅರಿತಿತ್ತು. ಯುರೋಪಿನ ಬೇರೆ ಬೇರೆ ತಂಡಗಳು ಕಾಲರ್ ಹಾಕಿದ ರೋ ಜಿಂಕೆಗಳ ದತ್ತಾಂಶವನ್ನು ಒಂದೇ ಕಡೆ, ಒಂದೇ ರೂಪದಲ್ಲಿ ಕೂಡಿಟ್ಟು ಹಂಚಿಕೊಂಡರು. ಆಮೇಲೆ ಬೇರೆ ಪ್ರಾಣಿಗಳೂ ಸೇರಿ ಅದು ಯೂರೊಮ್ಯಾಮಲ್ಸ್ ಆಯಿತು. ಅಲ್ಲಿ ವಿದ್ಯಾರ್ಥಿ ಬರುತ್ತಾನೆ, ಕಲಿಯುತ್ತಾನೆ, ಹೋಗುತ್ತಾನೆ. ದತ್ತಾಂಶ ಅಲ್ಲೇ ಇರುತ್ತದೆ.

ಸ್ಥಳೀಯರ ನಂಟಿನ ಮಾತನ್ನೂ ಆಡಿಬಿಡಬೇಕು. ಸ್ವೀಡನ್ನಿನಲ್ಲಿ ಕರಡಿ ಗಣತಿಗೆ ಹಿಕ್ಕೆ ಆರಿಸಿ ಕೊಡುವವರು ಬೇಟೆಗಾರರೇ, ಅದೂ ಪುಕ್ಕಟೆಯಾಗಿ. ಕರಡಿಯನ್ನು ಹೊಡೆಯಲು ಬಯಸುವವನು ಅದನ್ನು ಎಣಿಸಲು ನೆರವಾಗುತ್ತಾನೆ ಅಂದರೆ ಅದರ ಹಿಂದೆ ಎಷ್ಟು ವರ್ಷದ ಕಾಫಿ ಕುಡಿದ ಪರಿಚಯವಿರಬೇಕು. ನಾಗರಹೊಳೆಯ ಕಾಡಿನಲ್ಲಿ ಹೆಜ್ಜೆ ಓದಲು ಬಲ್ಲ ಜೇನುಕುರುಬರ ಜೊತೆಗಿನ ನಂಟೂ ಹಾಗೆಯೇ. ಮೂರು ವರ್ಷಕ್ಕೊಮ್ಮೆ ಹೊಸ ಮುಖ, ಹೊಸ ಭಾಷೆ, ಹೊಸ ಪ್ರಶ್ನಾವಳಿ ಬಂದು ನಿಂತರೆ ಯಾವ ಊರಿನವರೂ ಒಂದು ಹಂತದ ಮೇಲೆ ಬಾಯಿ ಬಿಡುವುದಿಲ್ಲ.

ಯೋಜನೆಗೆ ಹೆಸರು ಕೊಟ್ಟ ಮರೀ ಕ್ಯೂರಿಯೂ ದೇಶ ಬಿಟ್ಟವರೇ, ವಾರ್ಸಾದಿಂದ ಪ್ಯಾರಿಸಿಗೆ 1891ರಲ್ಲಿ. ಸಂಚಾರವಾದಿಗಳು ಎತ್ತಿ ಹಿಡಿಯುವುದು ಈ ಪ್ರಯಾಣವನ್ನು. ಆಮೇಲೆ ಅವರು ಸೋರುವ ಸೂರಿನ ಒಂದೇ ಷೆಡ್ಡಿನಲ್ಲಿ 1898ರಿಂದ 1902ರವರೆಗೆ ಟನ್ನುಗಟ್ಟಲೆ ಅದಿರು ಕುದಿಸಿ ಕಲಕಿ ಒಂದು ಚಿಟಿಕೆ ರೇಡಿಯಂ ಲವಣ ತೆಗೆದರು. ಎರವಲು ಅವಧಿಗೆಂದು ನಡುವೆ ಹನ್ನೊಂದು ತಿಂಗಳು ಬೇರೆಡೆ ಹೋಗಿ ಬನ್ನಿ ಎಂದು ಅವರಿಗೆ ಯಾರೂ ಹೇಳಲಿಲ್ಲ.

ಹಾಗಾದರೆ ಏನು ಮಾಡಬೇಕು ಅನ್ನುತ್ತೀರಿ ಎಂದು ಕೇಳುವವರಿಗೆ ನನ್ನ ಬೇಡಿಕೆ ದೊಡ್ಡದಲ್ಲ. ವನ್ಯಜೀವಿ ಜಾಲಕ್ಕೆ ಅನುದಾನ ಕೇಳುವವರ ನಡುವೆ ಕನಿಷ್ಠ ಒಂದು ದೀರ್ಘಕಾಲದ ಫೀಲ್ಡ್ ಅಧ್ಯಯನ ಇರಲೇಬೇಕು, ಅದರ ಸುತ್ತ ಜಾಲ ಹೆಣೆಯಬೇಕು. ಸಂಚಾರದ ನಿಯಮದಿಂದ ಫೀಲ್ಡ್ ಕೆಲಸದ ಹುದ್ದೆಗಳನ್ನು ಹೊರಗಿಡಬೇಕು, ಜಾಗ ಗೊತ್ತಿರುವುದು ಅರ್ಹತೆಯಾಗಬೇಕು. ನೇಮಕದ ದಿನಾಂಕವನ್ನು ಬ್ರಸೆಲ್ಸ್‌ನ ತಾರೀಕಿನ ಬದಲು ಪ್ರಾಣಿಯ ಋತುವಿಗೆ ಹೊಂದಿಸಲು ಬಿಡಬೇಕು. ಇನ್ನು ಹಣ. ಹೊರೈಜನ್ 2020ರ ಲೆಕ್ಕದ 540 ಮಾನವ-ತಿಂಗಳಲ್ಲಿ 72ನ್ನು ತೆಗೆದಿಡಿ. ವಿದ್ಯಾರ್ಥಿಗಳು 15ರ ಬದಲು 13 ಆಗುತ್ತಾರೆ. ಆ 72 ತಿಂಗಳಿಗೆ ದತ್ತಾಂಶ, ಪರವಾನಗಿ, ಊರಿನವರ ನಂಟು ಈ ಮೂರನ್ನೂ ನೋಡಿಕೊಳ್ಳುವ ಒಬ್ಬರನ್ನು ಆರು ವರ್ಷ ಇಟ್ಟುಕೊಳ್ಳಬಹುದು. ಅಂದರೆ ಯೋಜನೆ ಬಾಗಿಲು ಹಾಕಿದ ಮೇಲೂ ಎರಡು ವಸಂತ ಆ ಕಾಲರ್‌ಗಳ ಸಂಕೇತ ಹಿಡಿಯಲು ಒಬ್ಬರು ಇರುತ್ತಾರೆ. 15ರ ಬದಲು 13 ಎಂದು ವಾರ್ಷಿಕ ವರದಿಯಲ್ಲಿ ಬರೆಯಲು ಯಾವ ಅಧಿಕಾರಿಗೂ ಮನಸ್ಸಾಗುವುದಿಲ್ಲ ಎಂಬುದು ನನಗೆ ಗೊತ್ತು. ಜಗಳ ಇರುವುದೇ ಆ ಎರಡು ಅಂಕಿಗಳ ಬಗ್ಗೆ.